ನಿದ್ದೆಯ ಕ್ರಯ

ಹಾಸಿಗೆ ಅಂಗಡಿಯಲ್ಲಿ ಮಲಗಿ ನೋಡುವ ಗಿರಾಕಿ ಕಣ್ಣು ಮುಚ್ಚುವುದಿಲ್ಲ. ಬೆಲೆಯ ಚೀಟಿಯನ್ನೇ ನೋಡುತ್ತಿರುತ್ತಾನೆ. ಹಣದಿಂದ ಸುಖವನ್ನು ಕೊಳ್ಳಬಹುದೇ ಎಂಬ ಸನಾತನ ಪ್ರಶ್ನೆಯನ್ನು ನಾನು ಪ್ರವೇಶಿಸಿದ್ದು ವೇದಾಂತದ ಬಾಗಿಲಿನಿಂದಲ್ಲ, ಹೆಬ್ಬಾಳದ ಇಂಥದೊಂದು ಅಂಗಡಿಯ ಬಾಗಿಲಿನಿಂದ. ನಾನು ನಿವೃತ್ತನಾದ ದಿನವೇ ನನ್ನ ನಿದ್ದೆಯೂ ನಿವೃತ್ತಿ ಪಡೆದಿತ್ತು. "ಮೆಮೊರಿ ಫೋಮ್ ಸಾರ್, ನಿಮ್ಮನ್ನ ನೆನಪಿಟ್ಕೊಳ್ಳುತ್ತೆ," ಎಂದ ಅಂಗಡಿಯವನು. ಕಚೇರಿಯೇ ನನ್ನನ್ನು ಮರೆತಿದ್ದ ಕಾಲದಲ್ಲಿ ಹಾಸಿಗೆಯಾದರೂ ನೆನಪಿಟ್ಟುಕೊಳ್ಳಲೆಂದು, ಎರಡು ತಿಂಗಳ ಪಿಂಚಣಿ ಸುರಿದು ಅದನ್ನು ಯಲಹಂಕದ ಮನೆಗೆ ತಂದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಂತೆ, ಚಾಚಿದೆ. ನಿದ್ದೆ ಮಾತ್ರ ಬರಲಿಲ್ಲ.

ಅದು ಬಂದದ್ದು ಬಸ್ಸಿನಲ್ಲಿ. ಹಾಸಿಗೆಯ ಮೇಲೆ ದೂರು ಹೇಳಲು ಅಂಗಡಿಗೆ ಹೋಗಿ ಹಿಂದಿರುಗುವಾಗ, ಕಿಟಕಿ ಪಕ್ಕದ ಗಟ್ಟಿ ಸೀಟಿನಲ್ಲಿ ಕುಳಿತವನು ಜಕ್ಕೂರು ಬರುವ ಮೊದಲೇ ಗೊರಕೆ ಹೊಡೆದೆನೆಂದು ಕಂಡಕ್ಟರ್ ಸಾಕ್ಷಿ ನುಡಿದ. ಅಂದಿನಿಂದ ಯಾವ ಕೆಲಸವೂ ಇಲ್ಲದೆ ಹೆಬ್ಬಾಳಕ್ಕೆ ಹೋಗಿಬರುವುದು ನನ್ನ ನಿತ್ಯಕರ್ಮವಾಯಿತು. ತಿಂಗಳಾದ ಮೇಲೆ ಈ ಗುಟ್ಟನ್ನು ಹೆಂಡತಿ ಶಾರದೆಗೆ ಹೆಮ್ಮೆಯಿಂದ ಒಪ್ಪಿಸಿದೆ.

"ಚಿಂತೆ ಇಲ್ಲದೋನಿಗೆ ಸಂತೇಲೂ ನಿದ್ದೆ," ಎಂದಳು ಸೊಪ್ಪು ಬಿಡಿಸುತ್ತ. ಬಿಡಿಸಿದ ಸೊಪ್ಪನ್ನು ಬುಟ್ಟಿಗೆ ಹಾಕಿ ಅವಳೇ ಹೇಳಿದಳು: "ನಂಗೂ ಒಂದು ವರ್ಷದಿಂದ ಸರಿಯಾಗಿ ನಿದ್ದೆ ಇಲ್ಲ ಕಣ್ರೀ. ಹೊರಳಾಡಿದ್ರೆ ನಿಮಗೆ ತೊಂದರೆ ಆಗುತ್ತಲ್ಲ, ಅದಕ್ಕೆ ಗೋಡೆ ಕಡೆ ತಿರುಗಿ ಸುಮ್ನೆ ಮಲಗಿರ್ತೀನಿ."

ಓದುಗ ಮಿತ್ರರೇ, ನನಗೆ ನಾಚಿಕೆಯಾಯಿತು. ಹಾಸಿಗೆಯನ್ನು ಹತ್ತು ಕಡೆ ಒತ್ತಿ ಪರೀಕ್ಷಿಸಿದ ಮಹಾಶಯ, ಅದರ ಇನ್ನರ್ಧದಲ್ಲಿ ಮಲಗುವವಳನ್ನು ಒಂದು ಮಾತೂ ಕೇಳಿರಲಿಲ್ಲ.

ಮರುದಿನ ಮಧ್ಯಾಹ್ನ ಊಟವಾದ ಮೇಲೆ ಅವಳನ್ನೂ ಹೆಬ್ಬಾಳಕ್ಕೆ ಹೊರಡಿಸಿದೆ. ಮರಳುವಾಗ ಸಿಕ್ಕಿದ್ದು ಯಲಹಂಕ ದಾಟಿ ದೊಡ್ಡಬಳ್ಳಾಪುರಕ್ಕೆ ಹೋಗುವ ಬಸ್ಸು. ಕಿಟಕಿಯ ಸೀಟನ್ನು ಮಹಾತ್ಯಾಗವೆಂಬಂತೆ ಅವಳಿಗೆ ಬಿಟ್ಟುಕೊಟ್ಟೆ. ಕೋಗಿಲು ಕ್ರಾಸ್ ತಲುಪುವಷ್ಟರಲ್ಲಿ ಅವಳ ತಲೆ ನನ್ನ ಹೆಗಲಿಗೆ ವಾಲಿತ್ತು. ನನಗೆ ಅಂದು ತೂಕಡಿಕೆ ಸುಳಿಯಲಿಲ್ಲ, ಸುಳಿಯುವುದೂ ಬೇಕಿರಲಿಲ್ಲ.

"ಯಲಹಂಕ ಬಂತು ಸಾರ್," ಎಂದ ಕಂಡಕ್ಟರ್. "ಅಮ್ಮನ್ನ ಎಬ್ಬಿಸ್ಲಾ?"

ಬೇಡವೆಂದು ಕೈಯಾಡಿಸಿ, ಹೆಗಲು ಅಲುಗದಂತೆ ಜೇಬಿನಿಂದ ನೋಟು ತೆಗೆದು ಮೆಲ್ಲಗೆ ಹೇಳಿದೆ: "ದೊಡ್ಡಬಳ್ಳಾಪುರದವರೆಗೂ ಕೊಡಿ."