ರಸೂಲಸಾಬನೂ ಶ್ರುತಿಗೆ ಹಚ್ಚಿದ ಟಾಯರೂ

ಧಾರವಾಡದಲ್ಲಿ ದೊಡ್ಡವರ ಚರಿತ್ರೆ ಬರೆಯುವುದಕ್ಕೆ ಬೇಕಾದಷ್ಟು ಜನ ಇದ್ದಾರೆ. ಒಬ್ಬಾತ ಎರಡು ಸಭೆಗಳಿಗೆ ಅಧ್ಯಕ್ಷನಾದರೆ ಸಾಕು, ಅವನು ಹುಟ್ಟಿದ ಊರು, ಕಲಿತ ಸಾಲಿ, ಅವನ ಅಜ್ಜ ಸಾಕಿದ ಆಕಳು, ಎಲ್ಲವೂ ಅಚ್ಚಿಗೆ ಹೋಗುತ್ತವೆ. ಮೋಟಾರು ನಡೆಸುವ ರಸೂಲಸಾಬನ ಬಗ್ಗೆ ಯಾರೂ ಬರೆಯುವುದಿಲ್ಲ, ಆದ್ದರಿಂದ ನಾನು ಬರೆಯುತ್ತಿದ್ದೇನೆ. ನನ್ನ ಹೆಸರು ರಮಾಕಾಂತ. ಸಪ್ತಾಪುರದ ವಕೀಲ ಯಜ್ಞೇಶ್ವರರಾಯರ ಹತ್ತಿರ ಹದಿನಾಲ್ಕು ವರ್ಷ ಕಾರಕೂನನಾಗಿದ್ದೆ. ರಸೂಲಸಾಬ ಅದೇ ಮನೆಯಲ್ಲಿ ಐದು ವರ್ಷ ಡ್ರೈವರನಾಗಿದ್ದ. ಆ ಐದು ವರ್ಷ ಅವನು ಮಾಡಿದ ಮುಖ್ಯ ಕೆಲಸವೆಂದರೆ ಕಾರಿನ ಟಾಯರುಗಳಿಂದ ಗಾಳಿ ಬಿಡುವುದು. ನಾನು ಮಾಡಿದ ಮುಖ್ಯ ಕೆಲಸ ಬಾಯಿ ಮುಚ್ಚಿಕೊಂಡು ಕೂತದ್ದು.

ರಾಯರು ೧೯೩೩ರಲ್ಲಿ ಕಾರು ಕೊಂಡದ್ದು ತಮ್ಮ ಅಕ್ಕನಿಗಾಗಿ. ಇದನ್ನು ನಾನು ಕುಹಕದಿಂದ ಹೇಳುತ್ತಿಲ್ಲ, ಆ ಮನುಷ್ಯನಿಗೆ ಅಕ್ಕನ ಮೇಲೆ ನಿಜವಾದ ಪ್ರೀತಿ ಇತ್ತು. ಅಕ್ಕ ಗೋದಾಬಾಯಿ ಚಿಕ್ಕಂದಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು, ತಾಯಿಯಿಲ್ಲದ ತಮ್ಮನನ್ನು ಎತ್ತಿ ಆಡಿಸಿ ವಕೀಲನನ್ನಾಗಿ ಮಾಡಿದವರು. ಅವರಿಗಿದ್ದ ಸುಖ ಒಂದೇ. ಏಕಾದಶಿಗೊಮ್ಮೆ ಹುಬ್ಬಳ್ಳಿಯ ವಿಠ್ಠಲನ ಗುಡಿಗೆ ಹೋಗಿ ಭಜನೆಯಲ್ಲಿ ಹಾಡುವುದು. ಮನೆಯಲ್ಲಿ ವಿಧವೆ ಹೆಂಗಸು ದನಿ ಎತ್ತಿ ಹಾಡುವ ರೂಢಿ ಇರಲಿಲ್ಲ. ಗುಡಿಯಲ್ಲಿ ಯಾಕೆಂದು ಯಾರೂ ಕೇಳುತ್ತಿರಲಿಲ್ಲ. ಆಮೇಲೊಂದು ದಿನ ಬಾವಿಯ ಕಟ್ಟೆಯ ಮೇಲೆ ಜಾರಿ ಬಿದ್ದರು. ಸೊಂಟ ಹಿಡಿದದ್ದು ಬಿಡಲಿಲ್ಲ. ಟಾಂಗಾದಲ್ಲಿ ಒಂದು ಫರ್ಲಾಂಗು ಕೂತರೂ ಜೀವ ಹೋದಂತಾಗುತ್ತಿತ್ತು. ಎರಡು ವರ್ಷ ಭಜನೆ ತಪ್ಪಿತು, ಮುಖ ಬಾಡಿತು. ರಾಯರು ಕಾರು ತಂದರು.

ಕಾರಿನ ಹಿಂದೆಯೇ ರಸೂಲಸಾಬ ಬಂದ. ಹುಬ್ಬಳ್ಳಿಯಲ್ಲಿ ರೈಲ್ವೆಯ ಒಬ್ಬ ಬಿಳಿ ಸಾಹೇಬನ ಮೋಟಾರು ನಡೆಸುತ್ತಿದ್ದವನು. ಸಾಹೇಬ ವಿಲಾಯತಿಗೆ ಹೋಗುವಾಗ ಇವನಿಗೆ ಟಾಯರಿನ ಗಾಳಿ ಅಳೆಯುವ ಒಂದು ಗೇಜು ಕೊಟ್ಟು ಹೋಗಿದ್ದ. ಬೆರಳುದ್ದದ ಹಿತ್ತಾಳೆಯ ನಳಿಗೆ, ಒಳಗಿಂದ ಅಂಕಿ ಬರೆದ ಕಡ್ಡಿ ಹೊರಗೆ ಬರುತ್ತಿತ್ತು. ದಿನಾ ಮುಂಜಾನೆ, ಗಾಲಿ ತಣ್ಣಗಿರುವಾಗಲೇ ಅದನ್ನು ಹಚ್ಚಿ ನೋಡುತ್ತಿದ್ದ.

"ಮುಂದ ಇಪ್ಪತ್ತೆಂಟು ಪೌಂಡು, ಹಿಂದ ಮೂವತ್ತೆರಡು," ಎಂದು ನನಗೆ ಮೊದಲ ದಿನವೇ ಹೇಳಿದ. "ಗಾಳಿ ಹೆಚ್ಚಾತಂದ್ರ ಗಾಡಿ ಒದೀತೈತ್ರಿ ಕಾರಕೂನರ. ಕಡಿಮಿ ಆತಂದ್ರ ಟಾಯರ್ ಹಾಳಾಕ್ಕೈತಿ. ನಡುವ ಇಟ್ರ ಒಳಗ ಕುಂತವ್ರಿಗೆ ರಸ್ತೆ ಐತಿ ಅನ್ನೂದ ಗೊತ್ತಾಗಂಗಿಲ್ಲ."

ಇಷ್ಟಕ್ಕೆ ಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಧಾರವಾಡದಲ್ಲಿ ಅರ್ಧ ಜನ ಹಾಡುತ್ತಾರೆ, ಉಳಿದರ್ಧ ಜನ ಹಾಡಿದವರ ತಪ್ಪು ಹುಡುಕುತ್ತಾರೆ. ರಾಯರು ಎರಡನೆಯ ಅರ್ಧಕ್ಕೆ ಸೇರಿದವರು. ಯಾರ ಬೈಠಕ್ಕಿಗೆ ಹೋದರೂ ತಬಲಾ ಒಂದು ಕೂದಲೆಳೆ ಇಳಿದಿದೆ ಎಂದು ಕೈ ಎತ್ತಿ ನಿಲ್ಲಿಸಿಬಿಡುವರು. ತಬಲಜಿಗಳು ಅವರು ಬರುವುದನ್ನು ಕಂಡರೆ ಸುತ್ತಿಗೆಯನ್ನು ಎರಡು ಸಲ ಹೆಚ್ಚಿಗೆ ಆಡಿಸುತ್ತಿದ್ದರು. ಅಂಥ ರಾಯರು ಒಂದು ಮುಂಜಾನೆ ಅಂಗಳದಲ್ಲಿ ನಿಂತು ಕಾರಿನ ಟಾಯರನ್ನು ಬೆತ್ತದಿಂದ ತಟ್ಟಿ ನೋಡಿದರು. ಧಪ್ ಎಂದಿತು.

"ಇದೇನೋ ರಸೂಲಾ, ದನೀನ ಇಲ್ಲಲ್ಲ ಇದಕ್ಕ! ಹೊಟ್ಟಿ ಬ್ಯಾರೆ ಜೋತು ಬಿದ್ದದ."

"ಹಂಗ ಇರಬೇಕ್ರಿ ರಾಯರ. ಭಾರ ಬಿದ್ದಾಗ ಒಂಚೂರು ಕುಸೀಬೇಕು."

"ಕುಸೀಬೇಕು? ಸಡಲಾದ ತಬಲಾದ ಮ್ಯಾಲೆ ಯಾರರೆ ನುಡಸ್ತಾರೇನು? ರಮಾಕಾಂತ, ಪೇಟಿ ತಗೊಂಡು ಬಾ."

ನಾನು ಹಾರ್ಮೋನಿಯಂ ಪೇಟಿ ತಂದು ಕಟ್ಟೆಯ ಮೇಲೆ ಇಟ್ಟೆ. ಬಿ.ಎ. ತನಕ ಓದಿದವನು ನಾನು. ಒಂದು ಕೈಯಿಂದ ತಿದಿ ಒತ್ತುತ್ತ, ಇನ್ನೊಂದು ಕೈಯಿಂದ ರಾಯರು ಹೇಳಿದ ಶ್ರುತಿ, ಕರಿ ಎರಡರ ಮನೆ, ಹಿಡಿದುಕೊಂಡು ಕೂತೆ. ರಸೂಲಸಾಬ ಪಂಪು ಹೊಡೆಯಬೇಕು, ರಾಯರು ಬೆತ್ತದಿಂದ ಟಾಯರು ತಟ್ಟಿ ಕಿವಿ ಬಗ್ಗಿಸಬೇಕು. ಇನ್ನೂ ಮ್ಯಾಲೆ, ಇನ್ನೂ ಮ್ಯಾಲೆ ಎನ್ನುತ್ತಲೇ ಇದ್ದರು. ಓಣಿಯ ಮಂದಿ ಕಂಪೌಂಡಿನ ಹೊರಗೆ ಸಾಲಾಗಿ ನಿಂತು ನೋಡಿದರು. ಯಾರೂ ನಗಲಿಲ್ಲ, ಏಕೆಂದರೆ ಶಾಸ್ತ್ರೀಯ ಸಂಗೀತದ ವಿಷಯದಲ್ಲಿ ನಕ್ಕರೆ ತಿಳಿಯದವನೆಂದು ಹೆಸರಾಗುತ್ತದೆ.

"ರಾಯರ, ಐವತ್ತು ಆತ್ರಿ. ಭಾಳ ಆತು," ಎಂದ ರಸೂಲಸಾಬ, ಗೇಜು ತೋರಿಸಿ.

"ನಿನ್ನ ಗೇಜಿಗೆ ಗಾಂಧಾರ ಗೊತ್ತದ ಏನು?"

"ಇಲ್ರಿ."

"ಮತ್ತ?"

ಈ "ಮತ್ತ?" ಒಂದರಿಂದಲೇ ರಾಯರು ಕೋರ್ಟಿನಲ್ಲಿ ಅರ್ಧ ದಾವೆ ಗೆದ್ದಿದ್ದರು. ನಾಲ್ಕೂ ಟಾಯರು ಕರಿ ಎರಡಕ್ಕೆ ಕೂಡಿದವು. ಅಂದು ಏಕಾದಶಿ. ಗೋದಾಬಾಯಿ ಹಿಂದಿನ ಸೀಟಿನಲ್ಲಿ ಕೂತು ಹುಬ್ಬಳ್ಳಿಗೆ ಹೋದರು, ಜೊತೆಗೆ ನಾನಿದ್ದೆ. ಖಡಿಕಲ್ಲು ಕಿತ್ತ ರಸ್ತೆಯಲ್ಲಿ ಆ ಕಾರು ಪ್ರತಿ ಕಲ್ಲಿಗೂ ಎದ್ದು ಎದ್ದು ಬಿತ್ತು. ರಾಯಾಪುರದ ತಗ್ಗುಗಳಲ್ಲಿ ಅವರು ಸೆರಗು ಬಾಯಿಗೆ ತುರುಕಿಕೊಂಡರು. ಗುಡಿಯಲ್ಲಿ ಹಾಡಲು ಉಸಿರೇ ಇರಲಿಲ್ಲ. ಮರಳಿ ಬಂದವರು ಮೂರು ದಿನ ಹಾಸಿಗೆ ಬಿಟ್ಟು ಏಳಲಿಲ್ಲ. ರಾಯರು ರಸ್ತೆಯನ್ನು ಬೈದರು, ಮಳೆಯನ್ನು ಬೈದರು, ಖಡಿ ಒಡೆದವರನ್ನೂ ಬೈದರು. ಟಾಯರುಗಳಿಗೆ ಮಾತ್ರ ಏನೂ ಅನ್ನಲಿಲ್ಲ, ಅವು ಸೂರಿನಲ್ಲಿ, ಅಂದರೆ ಶ್ರುತಿಯಲ್ಲಿ, ಇದ್ದವಲ್ಲ.

ಮುಂದಿನ ಏಕಾದಶಿಗೆ ಗೋದಾಬಾಯಿ ಬರುವುದಿಲ್ಲ ಎಂದರು. "ಯಜ್ಞಾಗ ಏನೂ ಹೇಳಬ್ಯಾಡ್ರಿ," ಎಂದು ನನಗೂ ರಸೂಲಸಾಬನಿಗೂ ತಾಕೀತು ಮಾಡಿದರು. "ಪ್ರೀತಿಲೆ ತಂದಾನ. ಅಕ್ಕಗ ಇದೂ ಸೇರಲಿಲ್ಲ ಅಂತ ಅವಗ ಅನಸಬಾರದು. ನನ್ನ ಭಜನಿ ಮುಗೀತು, ಅಷ್ಟ."

ರಸೂಲಸಾಬ ತಲೆ ತಗ್ಗಿಸಿ ನಿಂತಿದ್ದ. "ಇನ್ನೊಂದ ಸಲ ಬರ್ರಿ ಅಕ್ಕಾರ. ಈ ಸಲಾನೂ ನೋವಾತಂದ್ರ ನಾನ ಚಾವಿ ಒಪ್ಪಿಸಿ ಹೋಗತೇನಿ."

ಅಂದು ಊರು ದಾಟಿ, ಲಕಮನಹಳ್ಳಿಯ ಹಾದಿ ಒಡೆಯುವಲ್ಲಿ ಒಂದು ಹುಣಸೆಮರದ ಕೆಳಗೆ ಅವನು ಕಾರು ನಿಲ್ಲಿಸಿದ. ಒಂದು ಕಡ್ಡಿಯಿಂದ ವಾಲ್ವಿನ ನಡುವೆ ಒತ್ತಿದ. ರಾಯರ ಸಂಗೀತವೆಲ್ಲ ಸುಸ್ಸೆಂದು ಹೊರಗೆ ಹೋಯಿತು. ಗೇಜು ಹಚ್ಚಿ ನೋಡಿ, ಮತ್ತಿಷ್ಟು ಬಿಟ್ಟು, ಇಪ್ಪತ್ತೆಂಟಕ್ಕೂ ಮೂವತ್ತೆರಡಕ್ಕೂ ತಂದ. ಹುಬ್ಬಳ್ಳಿ ಮುಟ್ಟುವ ಹೊತ್ತಿಗೆ ಗೋದಾಬಾಯಿ ಕಾರಿನಲ್ಲೇ ದಾಸರ ಪದ ಗುನುಗುತ್ತಿದ್ದರು. ಅವರ ಕಣ್ಣಲ್ಲಿ ನೀರಿತ್ತು. ನನಗೂ ಬಂತು, ಹೇಳುವುದಕ್ಕೇನು ನಾಚಿಕೆ?

ಸಂಜೆ ಮರಳುವಾಗ ಅದೇ ಮರದ ಕೆಳಗೆ ನಿಂತು, ಬಿಟ್ಟ ಗಾಳಿಯನ್ನೆಲ್ಲ ಪಂಪು ಹೊಡೆದು ಮತ್ತೆ ತುಂಬಿದ. ನಾಲ್ಕು ಗಾಲಿ, ಒಂದೊಂದಕ್ಕೆ ನೂರು ಹೊಡೆತಕ್ಕೆ ಕಡಿಮೆಯಿಲ್ಲ. ಬೆವರು ಒರೆಸಿಕೊಂಡು ಮನೆಗೆ ತಂದು ನಿಲ್ಲಿಸಿದರೆ ರಾಯರು ಬೆತ್ತ ಹಿಡಿದು ಬಂದರು, ತಟ್ಟಿದರು, ಕಣ್ಣು ಮುಚ್ಚಿದರು. "ನೋಡು, ಇಪ್ಪತ್ನಾಕು ಮೈಲು ಓಡಿ ಬಂದ್ರೂ ಸೂರು ಬಿಟ್ಟಿಲ್ಲ! ಅಕ್ಕಾ, ಸೊಂಟ ಹ್ಯಾಂಗದ?"

"ಛಲೋ ಅದಪ್ಪಾ," ಎಂದರು ಅಕ್ಕ. ಅದು ಸುಳ್ಳಾಗಿರಲಿಲ್ಲ.

ಹೀಗೆ ಐದು ವರ್ಷ ನಡೆಯಿತು. ತಿಂಗಳಿಗೆರಡು ಏಕಾದಶಿ, ಮಳೆ ಬಿಸಿಲು ಎನ್ನದೆ. ನಾನು ಮುಂಜಾನೆ ಕರಿ ಎರಡು ಹಿಡಿಯುವುದು, ಅವನು ತುಂಬುವುದು, ಮರದ ಕೆಳಗೆ ಬಿಡುವುದು, ಸಂಜೆ ಮತ್ತೆ ತುಂಬುವುದು. ರಾಯರು ಆ ಕಾರಿನಲ್ಲಿ ಹುಬ್ಬಳ್ಳಿಗೆ ಒಮ್ಮೆಯೂ ಹೋಗಲಿಲ್ಲ. ಅವರಿಗೆ ರೈಲು ಒಗ್ಗಿತ್ತು. ಕಾರಿನಲ್ಲಿ ಕೋರ್ಟಿನ ತನಕ ಹೋದರೆ ಹೆಚ್ಚು. ಬೇರೆ ಯಾರಾದರೂ ಆಗಿದ್ದರೆ ಕೆಲಸ ಬಿಟ್ಟು ಹೋಗುತ್ತಿದ್ದರು. ನಾನು ಒಮ್ಮೆ ಕೇಳಿದ್ದಕ್ಕೆ ರಸೂಲಸಾಬ, "ನಾ ಹೋದ್ರ ಹೊಸಾಂವ ಬರ್ತಾನ್ರಿ. ಅವಗ ಹೇಳಿದಂಗ ಗಾಳಿ ತುಂಬತಾನ. ಅಕ್ಕಾರ ಗತಿ?" ಎಂದ.

ಅಕ್ಕನ ಸೊಂಟ ನೆಟ್ಟಗಾದದ್ದೇ ಕೊನೆಗೆ ಮುಳುವಾಯಿತು. ರಾಯರು ಇದನ್ನು ಲೋಕಕ್ಕೆ ತಿಳಿಸದೆ ಇರುವುದು ಸ್ವಾರ್ಥವೆಂದು ನಿರ್ಧರಿಸಿ ಒಂದು ವಾಚನಾಲಯದಲ್ಲಿ ಉಪನ್ಯಾಸ ಇಟ್ಟರು. ವಿಷಯ: ನಾದ ಮತ್ತು ವಾಹನ. ಅಧ್ಯಕ್ಷರು ನಿವೃತ್ತ ಹೆಡ್‌ಮಾಸ್ತರ ಪಂಢರಿನಾಥರು, ಇವರು ಯಾವ ವಿಷಯಕ್ಕೂ ಅಧ್ಯಕ್ಷರಾಗಲು ಸಿದ್ಧರಿದ್ದರು. ರಾಯರು ಒಂದೂವರೆ ಗಂಟೆ ಮಾತಾಡಿದರು. ಸಾಮವೇದದಿಂದ ಹೊರಟು ರಬ್ಬರಿಗೆ ಬಂದರು. ಬಾಗಿಲಲ್ಲಿ ನಿಂತಿದ್ದ ರಸೂಲಸಾಬನನ್ನು ಸಾಕ್ಷಿಯಾಗಿ ಕರೆದು, "ಸೂರಿಗೆ ಹಚ್ಚಿದ ಮ್ಯಾಲೆ ಅಕ್ಕಗ ನೋವದ ಏನು?" ಎಂದು ಕೇಳಿದರು.

"ಇಲ್ರಿ," ಎಂದ ರಸೂಲಸಾಬ. ವಕೀಲರು ಕೇಳಿದ ಪ್ರಶ್ನೆಗೆ ಅಷ್ಟೇ ಉತ್ತರ ಕೊಡಬೇಕೆಂಬುದು ಅವನಿಗೂ ತಿಳಿದಿತ್ತು.

ಚಪ್ಪಾಳೆ ಬಿತ್ತು. ಅಷ್ಟರಲ್ಲಿ ಮುಂದಿನ ಸಾಲಿನಿಂದ ಒಬ್ಬ ಡಾಕ್ಟರರು ಎದ್ದು ನಿಂತರು. "ಭಾಳ ಉಪಕಾರ ಆತು ರಾಯರ. ಹಳ್ಳಿಯಿಂದ ಹೆರಿಗೀಗೆ ಬರೋ ಹೆಣ್ಮಕ್ಕಳನ್ನ ನನ್ನ ಕಾರಿನ್ಯಾಗ ಕರಕೊಂಡು ಬರ್ತೀನಿ. ನಾಳೇನ ನನ್ನ ಟಾಯರೂ ಕರಿ ಎರಡಕ್ಕ ಹಚ್ಚಸ್ತೀನಿ."

ರಸೂಲಸಾಬ ಡಾಕ್ಟರರ ಕಡೆ ತಿರುಗಿದ. ನಾನು ಅವನತ್ತ ನೋಡಿ ತಲೆ ಅಲ್ಲಾಡಿಸಿದೆ, ಬೇಡ ಎಂದು. ಅವನು ನನ್ನನ್ನು ನೋಡಲೇ ಇಲ್ಲ.

"ಬ್ಯಾಡ್ರಿ ಡಾಕ್ಟರ್ ಸಾಹೇಬ್ರ," ಎಂದ. "ಬಸರಿ ಹೆಣ್ಮಕ್ಕಳು ಸಾಯ್ತಾರ್ರಿ. ರಾಯರ ಸೂರಿನ ಮ್ಯಾಲೆ ಅಕ್ಕಾರು ಒಂದ ಸಲ ಹೋಗ್ಯಾರ. ಮೂರು ದಿನ ಎದ್ದಿದ್ದಿಲ್ಲ. ಆಮ್ಯಾಲಿಂದ ಎಲ್ಲಾ ನಾ ಊರ ಹೊರಗ ಗಾಳಿ ಬಿಟ್ಟ ಕರಕೊಂಡ ಹೋಗೇನಿ. ಬರೂವಾಗ ಮತ್ತ ತುಂಬೇನಿ."

ರಾಯರು ವಕೀಲರಲ್ಲವೆ, ಕೂಡಲೆ ಸಾವರಿಸಿಕೊಂಡರು. "ಅಂದ್ರ ಪ್ರತಿ ಏಕಾದಶಿ ಸಂಜೀಕೆ ನನ್ನ ಸೂರಿಗೇ ಸರಿಯಾಗಿ ತುಂಬಿದಿ! ನನ್ನ ಕಿವಿ ಅದನ್ನ ಹಿಡೀತು. ಕಿವಿ ಖರೇ ಆತೋ ಇಲ್ಲೋ? ಮತ್ತ?"

ಇಲ್ಲಿ ರಸೂಲಸಾಬ ಹೂಂ ಎಂದಿದ್ದರೆ ನೌಕರಿ ಉಳಿಯುತ್ತಿತ್ತು. ಆದರೆ ಐದು ವರ್ಷ ಸುಳ್ಳು ಹೊತ್ತವನಿಗೆ ಒಮ್ಮೆ ಇಳಿಸಿದ ಮೇಲೆ ಒಂದು ಚೂರೂ ಉಳಿಸಿಕೊಳ್ಳಲು ಮನಸ್ಸಾಗಲಿಲ್ಲ.

"ಹೋದ ಶ್ರಾವಣದಾಗ ಜಡಿಮಳಿ ಇತ್ರಿ. ಅವತ್ತ ನಾ ತುಂಬಲೇ ಇಲ್ಲ. ಮೂವತ್ತು ಪೌಂಡಿನ ಮ್ಯಾಲೇನ ತಂದ ನಿಲ್ಲಿಸಿದ್ದೆ. ನೀವು ಬಡದು ನೋಡಿ, ಇವತ್ತ ಅಸಲ ಸೂರು ಅಂದ್ರಿ."

ಮೊದಲು ನಕ್ಕವರು ಅಧ್ಯಕ್ಷರು. ಆಮೇಲೆ ಇಡೀ ವಾಚನಾಲಯ ನಕ್ಕಿತು. ಹಿಂದಿನ ಸಾಲಿನಲ್ಲಿ ಕೂತಿದ್ದ ಇಬ್ಬರು ತಬಲಜಿಗಳಂತೂ ಹೊರಗೆ ಹೋಗಿ ನಕ್ಕು ಬಂದರು.

ಮರುದಿನ ರಸೂಲಸಾಬನನ್ನು ತೆಗೆದುಹಾಕಿದರು. ಕಾರಣದ ಚೀಟಿ ಬರೆದದ್ದು ನಾನೇ, ಗುಂಡಗಿನ ಅಕ್ಷರದಲ್ಲಿ: ಯಜಮಾನರಿಗೆ ಐದು ವರ್ಷ ಮೋಸ ಮಾಡಿದ್ದಕ್ಕಾಗಿ. ಆ ಮೋಸದಲ್ಲಿ ನಾನೂ ಪಾಲುದಾರ. ಹಾಗೆಂದು ಹೇಳುವ ಎದೆ ನನಗಿರಲಿಲ್ಲ. ಇಂದಿಗೂ ಆ ಚೀಟಿ ನೆನೆದರೆ ನನ್ನ ಮೇಲೇ ನನಗೆ ಹೇಸಿಗೆಯಾಗುತ್ತದೆ.

ಅವನ ಜಾಗಕ್ಕೆ ಹೊಳೆಯಪ್ಪ ಬಂದ. ಹೇಳಿದ್ದಕ್ಕಿಂತ ಹತ್ತು ಹೊಡೆತ ಹೆಚ್ಚೇ ಹೊಡೆಯುವ ವಿಧೇಯ. ಬಂದ ಏಕಾದಶಿಗೆ ರಾಯರು ಹಟ ಹಿಡಿದು ಟಾಯರುಗಳನ್ನು ಇನ್ನೂ ಬಿಗಿ ಮಾಡಿಸಿದರು. ಊರು ನಕ್ಕದ್ದಕ್ಕೆ ಉತ್ತರ ಕೊಡಬೇಕಿತ್ತು. ತಾವೇ ಕಾರಿನಲ್ಲಿ ಕೂತು ಅಕ್ಕನ ಜೊತೆ ಹೊರಟರು. ನಾನು ಮುಂದೆ ಹೊಳೆಯಪ್ಪನ ಬದಿಗೆ ಕೂತಿದ್ದೆ. ಹುಣಸೆಮರ ಹಿಂದೆ ಹೋಯಿತು. ಗೋದಾಬಾಯಿ ಸೀಟಿನ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡರು. ರಾಯರ ತಲೆ ಎರಡು ಸಲ ಕಾರಿನ ಚಾವಣಿಗೆ ಬಡಿಯಿತು. ರಾಯಾಪುರದ ಮೊದಲ ತಗ್ಗಿಗೆ ಅಕ್ಕನ ಬಾಯಿಂದ ಒಂದು ಚೀರು ಹೊರಬಿತ್ತು.

"ಗಾಡಿ ತಿರುಗಸಪ್ಪಾ ಯಜ್ಞಾ," ಎಂದರು, ಉಸಿರು ಸಿಕ್ಕ ಮೇಲೆ. "ನನ್ನ ಹಾಡು ಸಾಕಾತು."

ರಾಯರು ಕೆಳಗಿಳಿದರು. ಧೋತರ ಎತ್ತಿ ಕಟ್ಟಿ ಹಿಂದಿನ ಗಾಲಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ತಾವೇ ಗಾಳಿ ಬಿಡಲು ಹೋದರು. ಎಷ್ಟು ಬಿಡಬೇಕೆಂದು ತಿಳಿಯದೆ ಟಾಯರು ನೆಲಕ್ಕೆ ಹತ್ತುವ ತನಕ ಬಿಟ್ಟರು. ಪಂಪು ಎಲ್ಲಿ ಎಂದರೆ, ಸೂರಿಗೆ ಹಚ್ಚಿದ ಗಾಡಿಗೆ ಪಂಪ್ ಯಾಕ್ರಿ ಎಂದ ಹೊಳೆಯಪ್ಪ. ಮನೆಯಲ್ಲೇ ಬಿಟ್ಟು ಬಂದಿದ್ದ.

ಅಷ್ಟರಲ್ಲಿ ಧಾರವಾಡದ ಕಡೆಯಿಂದ ಸರ್ವಿಸ್ ಮೋಟಾರು ಬಂದು ನಿಂತಿತು. ಇಳಿದವನು ರಸೂಲಸಾಬ. ಎಂಟು ದಿನದ ಹಿಂದೆ ಆ ಬಸ್ಸಿಗೆ ಡ್ರೈವರನಾಗಿ ಸೇರಿದ್ದನಂತೆ. ಮಲಗಿದ ಟಾಯರು ನೋಡಿದ, ಅಕ್ಕನ ಮುಖ ನೋಡಿದ. ಏನೂ ಕೇಳದೆ ತನ್ನ ಬಸ್ಸಿನ ಪಂಪು ತಂದು ರಾಯರ ಎದುರಿಗೆ ಇಟ್ಟ.

"ರಸೂಲಾ, ನಾಳಿಯಿಂದ ಬಂದಬಿಡು," ಎಂದರು ರಾಯರು, ಬೇರೆ ಕಡೆ ನೋಡುತ್ತ.

"ಆಗಂಗಿಲ್ರಿ ರಾಯರ. ಬಸ್ಸಿನ್ಯಾಗ ಇಪ್ಪತ್ತು ಮಂದಿ ಸೊಂಟ ಅದಾವು. ಅಲ್ಲಿ ಯಾರೂ ಟಾಯರ್ ಬಡದ ನೋಡಂಗಿಲ್ಲ."

ಆಗ ಗೋದಾಬಾಯಿ ಕಾರಿನ ಬಾಗಿಲು ತೆರೆದು, ಅದನ್ನೇ ಹಿಡಿದುಕೊಂಡು ನೆಲಕ್ಕೆ ಕಾಲಿಟ್ಟರು. "ರಸೂಲಾ, ನಿನ್ನ ಮೋಟಾರಿನ್ಯಾಗ ನನಗೊಂದು ಜಾಗಾ ಅದ ಏನು?"

"ಮುಂದಿನ ಸೀಟ ಐತ್ರಿ ಅಕ್ಕಾರ."

ಆ ಸೀಟಿನಲ್ಲಿ ಮೆಣಸಿನಕಾಯಿ ಬುಟ್ಟಿ ಇಟ್ಟುಕೊಂಡು ಬೀರವ್ವನೆಂಬ ಹಳ್ಳಿಯ ಹೆಂಗಸು ಕೂತಿದ್ದಳು. ಅವಳು ಬುಟ್ಟಿ ತೊಡೆಗೇರಿಸಿಕೊಂಡು, "ಬರ್ರಿ ಯವ್ವಾ, ಕುಂದರ್ರಿ," ಎಂದು ಸರಿದಳು. ರಾಯರು ಗಾಬರಿಯಾದರು.

"ಅಕ್ಕಾ, ಇವತ್ತ ಏಕಾದಶಿ! ಮಡಿ!"

"ಮಡಿ ಕೆಟ್ರ ಹುಬ್ಬಳ್ಳ್ಯಾಗ ಮತ್ತ ಸ್ನಾನಾ ಮಾಡ್ತೀನಿ ಯಜ್ಞಾ. ಸೊಂಟ ಮುರದ್ರ ಎಲ್ಲಿಂದ ತರಲಿ?"

ನಾನೂ ಕಾರಿನಿಂದ ಇಳಿದು ಬಸ್ಸಿನ ಕಡೆ ನಡೆದೆ. ನೀ ಎಲ್ಲಿಗೆ ಎಂದರು ರಾಯರು. ಅಕ್ಕಾರ ಜೋಡಿ ಎಂದೆ. ಹದಿನಾಲ್ಕು ವರ್ಷದಲ್ಲಿ ಅವರಿಗೆ ನಾನು ಕೊಟ್ಟ ಮೊದಲ ನೇರ ಉತ್ತರ ಅದು, ಅವರ ಕಾರಕೂನನಾಗಿ ಕೊನೆಯದೂ ಹೌದು. ಬಸ್ಸು ರಾಯಾಪುರದ ತಗ್ಗುಗಳನ್ನು ಮೆಲ್ಲಗೆ ಇಳಿದು ಏರಿತು. ಗೋದಾಬಾಯಿ ಗಂಟಲು ಸರಿ ಮಾಡಿಕೊಂಡರು. ತಿರುಗಿ ನೋಡಿದರೆ, ತಬಲಾ ಒಂದು ಕೂದಲೆಳೆ ಇಳಿದರೂ ಕೈ ಎತ್ತುತ್ತಿದ್ದ ವಕೀಲರು ರಸ್ತೆಯಲ್ಲಿ ತಾವೇ ಬಗ್ಗಿ ಪಂಪು ಹೊಡೆಯುತ್ತಿದ್ದರು, ಹೊಳೆಯಪ್ಪ ಅಪ್ಪಣೆಗೆ ಕಾಯುತ್ತ ದೂರ ನಿಂತಿದ್ದ. ಎಷ್ಟು ಹೊಡೆದರೆ ಸಾಕೆಂದು ಹೇಳುವವರು ಅವರ ಬದಿಗೆ ಯಾರೂ ಇರಲಿಲ್ಲ.