ವ್ಯಾನಿನ ಎರಡು ಬ್ಯಾಟರಿಗಳ ನಡುವಿನ ಪೆಟ್ಟಿಗೆ

ಪುಟ್ಟಿ, ಚಿನ್ನು, ಮೊನ್ನೆ ನೀವು ನಿಮ್ಮಮ್ಮನ ಚಿಕ್ಕಂದಿನ ಫೋಟೋ ಹಿಡಿದುಕೊಂಡು ಬಂದು, "ಆಯಿ, ಈ ವ್ಯಾನ್ ಯಾರದ್ದು? ಒಳಗೆ ಹಾಸಿಗೆ ಯಾಕಿದೆ?" ಎಂದು ಕೇಳಿದಿರಿ. ಎದುರು ಕೂತು ಹೇಳಲು ನನಗೆ ಬಾಯಿ ಬರಲಿಲ್ಲ. ನಿಮ್ಮ ಮುತ್ಯಾ, ನನ್ನ ಯಜಮಾನರು, ಇದ್ದಿದ್ದರೆ ನಗಿಸುತ್ತಾ ಹೇಳುತ್ತಿದ್ದರು. ಅವರಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಆಗ ನಾವು ಕೃಷ್ಣರಾಜಪುರದಲ್ಲಿ ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿದ್ದೆವು. ಕಲಬುರಗಿ ಕಡೆಯಿಂದ ಬಂದವರು. ನಿಮ್ಮ ಮುತ್ಯಾ ಗರುಡಾಚಾರ್‌ಪಾಳ್ಯದ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ನಿಮ್ಮಮ್ಮನಿಗೆ ಎಂಟು ವರ್ಷ, ವಿಪರೀತ ಉಬ್ಬಸ. ಉಸಿರು ಕಟ್ಟಿದಾಗ ಔಷಧವನ್ನು ಹೊಗೆಯಂತೆ ಮಾಡಿ ಮೂಗಿಗೆ ಕೊಡುವ ಮಷಿನ್ ಇಟ್ಟುಕೊಂಡಿದ್ದೆವು. ಅದಕ್ಕೆ ಕರೆಂಟು ಬೇಕು. ಕರೆಂಟಿಲ್ಲದ ಕಡೆ ಮಗುವನ್ನು ಕರೆದೊಯ್ಯಬೇಡಿ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಊರಿನಲ್ಲಿ ನನ್ನ ಅವ್ವ ಹಾಸಿಗೆ ಹಿಡಿದಿದ್ದಳು. ಮೊಮ್ಮಗಳನ್ನು ತೊಟ್ಟಿಲಲ್ಲಿ ಕಂಡದ್ದೇ ಕೊನೆ. "ಒಮ್ಮೆ ಕರ್ಕೊಂಡ್ ಬಾ, ಕೂಸಿನ ಮಾರಿ ನೋಡ್ತೀನಿ" ಎಂದು ಪ್ರತಿ ಕಾಗದದಲ್ಲೂ ಬರೆಸುತ್ತಿದ್ದಳು.

ಕಾರ್ಖಾನೆಯವರು ಮೂಲೆಗೆ ಹಾಕಿದ್ದ ಹಳೆಯ ವ್ಯಾನೊಂದನ್ನು ನಿಮ್ಮ ಮುತ್ಯಾ ತಂದರು. ಎಷ್ಟೋ ಭಾನುವಾರ ಕೂತು ಅದನ್ನು ಮನೆ ಮಾಡಿದರು. ಹಲಗೆಯ ಮಂಚ, ಒಲೆಗೆ ಕಟ್ಟೆ, ಕಿಟಕಿಗೆ ನನ್ನ ಹಳೆಯ ಸೀರೆಯ ಪರದೆ. ಮಂಚದ ಕೆಳಗೆ ಇನ್ನೊಂದು ಬ್ಯಾಟರಿ, ಅದರಿಂದ ಮಷಿನ್‌ಗೂ ಒಂದು ದೊಡ್ಡ ಬಲ್ಬಿಗೂ ಕರೆಂಟು. ವ್ಯಾನ್ ಓಡುವಾಗ ಹಿಂದಿನ ಬ್ಯಾಟರಿಯೂ ತುಂಬಲೆಂದು ಮುಂದಿನದಕ್ಕೂ ಅದಕ್ಕೂ ನೇರವಾಗಿ ವೈರು ಎಳೆದರು.

ಊರಿಗೆ ಹೊರಡುವ ಮೊದಲು ಪರೀಕ್ಷೆಗೆಂದು ಹೊಸಕೋಟೆ ಕೆರೆಯ ಹತ್ತಿರ ಒಂದು ರಾತ್ರಿ ತಂಗಿದೆವು. ಹೊಸ ಮನೆ ಹೊಕ್ಕ ದಿನ ಹಚ್ಚಿದ ದೀಪ ಬೆಳಗಾಗುವವರೆಗೆ ಆರಬಾರದೆಂಬುದು ನಮ್ಮ ಕಡೆಯ ಪದ್ಧತಿ. ಹಲಗೆಯ ಮನೆಯೊಳಗೆ ಎಣ್ಣೆದೀಪ ಇಡಲು ಹೆದರಿ, ಆ ದೊಡ್ಡ ಬಲ್ಬನ್ನೇ ಹಾಕಿ ಕೈಮುಗಿದು ಮಲಗಿದೆ. ಯಾರಿಗೂ ಹೇಳಲಿಲ್ಲ.

ಬೆಳಿಗ್ಗೆ ಕೀಲಿ ತಿರುಗಿಸಿದರೆ ವ್ಯಾನು ಕೆಮ್ಮಲೂ ಇಲ್ಲ. ನೇರ ವೈರಿನಿಂದ ಕೂಡಿದ್ದ ಎರಡೂ ಬ್ಯಾಟರಿ ರಾತ್ರಿಯಿಡೀ ಉರಿದ ಬಲ್ಬಿಗೆ ಬರಿದಾಗಿದ್ದವು. ಮುತ್ಯಾ ಬಲ್ಬ್ ಕಡೆ ನೋಡಿದರು, ನನ್ನ ಕಡೆ ನೋಡಿದರು.

"ಗೃಹಪ್ರವೇಶ ಭಾಳ ಛಲೋ ಮಾಡಿದಿ ಬಿಡವಾ! ಇನ್ನ ಮನಿ ಇಲ್ಲೇ, ಕೆರಿ ದಂಡ್ಯಾಗ."

ಅವರು ನಕ್ಕರು. ನಾನು ಮಷಿನ್‌ನ ಗುಂಡಿ ಒತ್ತಿ ನೋಡಿದೆ. ಅದು ಒಮ್ಮೆ ನರಳಿ ಸುಮ್ಮನಾಯಿತು. ಆ ಹೊತ್ತಿಗೆ ಮಗುವಿಗೆ ಉಸಿರು ಕಟ್ಟಿದ್ದರೆ?

ಹೇಗೋ ವ್ಯಾನ್ ತಳ್ಳಿಸಿ ಮನೆ ಸೇರಿದೆವು. ಮುಂದಿನ ವಾರ ಇಬ್ಬರೂ ಶಿವಾಜಿನಗರಕ್ಕೆ ಹೋದೆವು. ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ, ಮೈಕ್‌ಸೆಟ್ ವ್ಯಾನುಗಳಿಗೆ ಬ್ಯಾಟರಿ ಕೂರಿಸುವ ಒಬ್ಬ ಹಿರಿಯರ ಅಂಗಡಿ. ಅವರು ಗಾಜಿನ ಮೇಜಿನ ಮೇಲೆ ಮೂರು ಸಾಮಾನು ಇಟ್ಟರು.

"ಇದು ಸ್ವಿಚ್ಚು ಸಾರ್. ಗಾಡಿ ನಿಂತ್ಮೇಲೆ ನೀವೇ ಕೈಯಲ್ಲಿ ತಿರುಗಿಸಿ ಎರಡೂ ಬೇರೆ ಮಾಡ್ಬೇಕು. ಇದು ರಿಲೇ. ಇಂಜಿನ್ ಓಡಿದ್ರೆ ತಾನೇ ಸೇರಿಸ್ತದೆ, ನಿಂತ್ರೆ ತಾನೇ ಬಿಡಿಸ್ತದೆ. ಆದ್ರೆ ನಿಮ್ದು ವೈರು ಉದ್ದ. ಹೋಗ್ತಾ ಹೋಗ್ತಾ ಕರೆಂಟಿನ ಜೋರು ಕಮ್ಮಿ ಆಗ್ತದೆ, ಹಿಂದಿನ ಬ್ಯಾಟ್ರಿ ಪೂರಾ ತುಂಬಲ್ಲ."

"ಮತ್ತ ಇದು?" ಎಂದರು ಮುತ್ಯಾ, ಮೂರನೆಯದನ್ನು ಮುಟ್ಟಿ. ಊಟದ ಡಬ್ಬಿಯಷ್ಟು ದೊಡ್ಡ ತಗಡಿನ ಪೆಟ್ಟಿಗೆ.

"ಇದು ಬ್ಯಾಟ್ರಿಯಿಂದ ಬ್ಯಾಟ್ರಿಗೆ ಚಾರ್ಜರ್. ನಾನೇ ಕಟ್ಟಿದ್ದು. ಬಂದ ಕರೆಂಟಿಗೆ ಜೋರು ಕೊಟ್ಟು ಒಳಗೆ ತಳ್ತದೆ. ತುಂಬಿದ್ಮೇಲೆ ತಾನೇ ನಿಧಾನ ಆಗ್ತದೆ. ಇಂಜಿನ್ ನಿಂತ್ರೆ ಬಂದ್."

ಮುಚ್ಚಳ ತೆಗೆದು ತೋರಿಸಿದರು. ಕುಂಕುಮದ ಭರಣಿಯಷ್ಟು ತಾಮ್ರದ ಸುರುಳಿ, ಸುತ್ತ ಕಾಳಿನಂಥ ನಾಲ್ಕಾರು ಸಾಮಾನು, ಅಷ್ಟೇ. ನಾನು ಕಣ್ಣು ಕೀಳದೆ ನೋಡಿದೆ. ಎರಡು ಹಂಡೆಗಳನ್ನು ಕೊಳವೆಯಿಂದ ಕೂಡಿಸಿದರೆ ನೀರು ಎರಡರಲ್ಲೂ ಸಮನಾಗಿ ನಿಲ್ಲುವುದನ್ನು ಕಂಡಿದ್ದೇನೆ. ಇದು ಹಾಗಲ್ಲ. ಕೆಳಗಿನ ಹಂಡೆಯ ನೀರನ್ನು ಮೇಲಿನದಕ್ಕೆ ಎತ್ತಿ ಹಾಕುವಂಥದ್ದು; ಸಾಕು ಎನ್ನುವುದೂ ಅದಕ್ಕೇ ಗೊತ್ತು. ಕೈಯಿಲ್ಲ, ಕಣ್ಣಿಲ್ಲ. ನಾಲ್ಕನೇ ಇಯತ್ತೆ ಓದಿದ ನನಗೆ ಮೈ ಜುಮ್ಮೆಂದಿತು.

ಮುತ್ಯಾ ಮಾತ್ರ ಸ್ವಿಚ್ ಕೈಗೆತ್ತಿಕೊಂಡರು. "ಇಷ್ಟು ಸಾಕ್ರಿ. ನಾ ಫಿಟ್ಟರ್ ಇದ್ದೀನಿ, ನಾ ನೋಡ್ಕೋತೀನಿ."

ಅಂಗಡಿಯಲ್ಲಿ ನಾನು ಎಂದೂ ಬಾಯಿ ತೆರೆದವಳಲ್ಲ. ಬಳೆ ಕೊಳ್ಳುವಾಗಲೂ ಕೈಸನ್ನೆ. ಅಂದು ಸೆರಗು ಬಿಗಿಹಿಡಿದು ಕೇಳಿಬಿಟ್ಟೆ.

"ಕೂಸು ಉಸರಿಗೆ ಒದ್ದಾಡೋ ಹೊತ್ತಿನಾಗ ಸ್ವಿಚ್ ಯಾರಿಗೆ ನೆನಪಿರ್ತದ್ರಿ? ನಿಮಗಿರ್ತದೋ, ನನಗಿರ್ತದೋ?"

ಅಂಗಡಿಯ ಹಿರಿಯರು ಸ್ವಿಚ್ಚನ್ನು ಮೆಲ್ಲಗೆ ಅವರ ಕೈಯಿಂದ ಈಸಿಕೊಂಡು ಡ್ರಾಯರಿಗೆ ಹಾಕಿದರು. "ಅಮ್ಮಾ ಹೇಳಿದ್ಮೇಲೆ ಆಯ್ತು ಸಾರ್."

"ಅಲ್ರೀ, ಲಗ್ನ ಆಗಿ ಹತ್ತು ವರ್ಷ ಆತು," ಎಂದರು ಮುತ್ಯಾ, "ಇಕಿ ಅಂಗಡ್ಯಾಗ ಮಾತಾಡಿದ್ದು ಇವತ್ತ ಕೇಳಿದೆ ನೋಡ್ರಿ!"

ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಹಲಸೂರಿನ ಮೇಲೆ ಹಾದು ಬಸ್ಸಿನಲ್ಲಿ ಬಂದೆ.

ಮುತ್ಯಾ ಅದನ್ನು ಎರಡು ಬ್ಯಾಟರಿಗಳ ನಡುವೆ ಕೂರಿಸಿದ ಮೇಲೆ ಊರಿಗೆ ಹೊರಟೆವು. ರಾಯಚೂರು ದಾಟಿದ ಮೇಲೆ ಹತ್ತಿ ತುಂಬಿದ ಲಾರಿಯ ಹಿಂದೆ ಸಿಕ್ಕಿಕೊಂಡೆವು. ಹತ್ತಿಯ ಎಳೆ, ಧೂಳು. ನಡು ಮಧ್ಯಾಹ್ನ ನಿಮ್ಮಮ್ಮನ ಎದೆ ಸಿಳ್ಳೆ ಹೊಡೆಯತೊಡಗಿತು, ತುಟಿ ನೀಲಿಯಾಯಿತು. ಜಾಲಿಮರದ ಕೆಳಗೆ ವ್ಯಾನ್ ನಿಂತಿತು. ಇಂಜಿನ್ ನಿಂತೊಡನೆ ಪೆಟ್ಟಿಗೆಯ ಹಸಿರು ದೀಪ ತಾನೇ ಆರಿತು. ನಾನು ಮಷಿನ್‌ನ ಗುಂಡಿ ಒತ್ತಿದೆ.

ಅದು ಗುಂಯ್ ಎಂದಿತು. ಬಿಳಿ ಹೊಗೆ ಬಂತು. ಊರಿಲ್ಲ, ಕಂಬವಿಲ್ಲ, ತಂತಿಯಿಲ್ಲ. ಸುಡುವ ಬಯಲಿನಲ್ಲಿ ನನ್ನ ಮಗಳಿಗೆ ಕರೆಂಟು ಇತ್ತು. ನಾವು ಬಂದ ದಾರಿಯೇ ಹಿಡಿಹಿಡಿಯಾಗಿ ಮಂಚದ ಕೆಳಗೆ ಸೇರಿ ಈಗ ಅವಳಿಗೆ ಉಸಿರಾಗುತ್ತಿದೆ ಎನ್ನಿಸಿತು. ಕಾಲು ಗಂಟೆಯಲ್ಲಿ ಎದೆಯ ಸಿಳ್ಳೆ ಇಳಿದು, ಅವಳು ನಿದ್ದೆ ಹೋದಳು. ಮುತ್ಯಾ ಕೀಲಿ ತಿರುಗಿಸಿದರು. ಒಂದೇ ಸಲಕ್ಕೆ ಹೊರಟಿತು.

ನಾವು ಊರು ಸೇರುವಷ್ಟರಲ್ಲಿ ಅವ್ವನಿಗೆ ಕಣ್ಣು ಮಂಜಾಗಿತ್ತು. ಎರಡೂ ಕೈಯಿಂದ ನಿಮ್ಮಮ್ಮನ ಹಣೆ, ಮೂಗು, ಗದ್ದ ಸವರಿ, "ನನ್ನ ಮೂಗೇ ಬಂದದ ಇದಕ್ಕ" ಎಂದಳು. ಆ ಬೇಸಿಗೆಯನ್ನು ಅವಳು ದಾಟಲಿಲ್ಲ.

ನಿಮ್ಮಮ್ಮನಿಗೆ ಆ ದಾರಿಯ ನೆನಪಿಲ್ಲ, ಅವಳು ಮಲಗಿಬಿಟ್ಟಿದ್ದಳು. ಕಂಡ ಇಬ್ಬರಲ್ಲಿ ಉಳಿದವಳು ನಾನೊಬ್ಬಳೇ. ಹಾಗಾಗಿ ಈ ಹಾಳೆಗಳನ್ನು ಎಲ್ಲೆಂದರಲ್ಲಿ ಬಿಡಬೇಡಿ ಮಕ್ಕಳಾ, ತೇವ ತಾಗದ ಕಡೆ ಎತ್ತಿಡಿ.