ಅವ್ವನ ಅಳತೆಯ ಮೇಜು

ಕೊಣ್ಣೂರಿನ ಶಿವಪುತ್ರ ವಾರವೆಲ್ಲ ಗೋಕಾಕದಲ್ಲಿ ಪಂಪಿನ ಮೋಟಾರು ರಿಪೇರಿ ಮಾಡುತ್ತಾನೆ, ರವಿವಾರ ಬಂತೆಂದರೆ ಹಿತ್ತಲಲ್ಲಿ ಕಟ್ಟಿಗೆ ಕೊಯ್ಯುತ್ತಾನೆ. ಹುರುಪಿಗೇನೂ ಕಡಿಮೆಯಿಲ್ಲ, ಅಳತೆಗೇ ಬರ. ಅವನು ಮಾಡಿದ ಕಪಾಟಿನ ಬಾಗಿಲು ಮುಚ್ಚಿದರೆ ತೆರೆಯುವುದಿಲ್ಲ, ತೆರೆದರೆ ಮುಚ್ಚುವುದಿಲ್ಲ. ತಪ್ಪಿದ ತುಂಡುಗಳೆಲ್ಲ ಹಂಡೆಯ ಒಲೆಗೆ ಹೋಗುವುದರಿಂದ ತಮ್ಮ ಮನೆಯಲ್ಲಿ ಸ್ನಾನದ ನೀರಿಗೆ ಎಂದೂ ತಾಪತ್ರಯವಿಲ್ಲ ಎಂದು ಹೆಂಡತಿ ಸರಿತಾ ನಗುತ್ತಾಳೆ.

ಈ ಸಲ ಮಾತ್ರ ಅವನು ತಪ್ಪುವಂತಿರಲಿಲ್ಲ. ಅವ್ವ ಶಂಕ್ರವ್ವನ ಮೊಣಕಾಲು ಸವೆದು, ನೆಲಕ್ಕೆ ಕೂರಬಾರದೆಂದು ಡಾಕ್ಟರು ಹೇಳಿದ್ದರು. ಅಡಿಗೆಮನೆಯ ಕಟ್ಟೆ ಅವಳಿಗೆ ಎತ್ತರ. ಹೀಗಾಗಿ ಬುದ್ಧಿ ಬಂದಾಗಿನಿಂದ ಜೋಳದ ರೊಟ್ಟಿ ಬಡಿದ ಕೈಗಳು ಮಡಿಲಲ್ಲಿ ಸುಮ್ಮನೆ ಬಿದ್ದಿದ್ದವು. ಸೊಸೆ ನೀಡಿದ್ದನ್ನು ಉಣ್ಣುವಾಗ ಅವಳು ತಲೆ ಎತ್ತುತ್ತಿರಲಿಲ್ಲ. ಬರಬರುತ್ತ ಊಟವೂ ಅರ್ಧಕ್ಕಿಳಿಯಿತು. ನಿಂತೇ ರೊಟ್ಟಿ ಬಡಿಯುವಂಥ ಗಿಡ್ಡ ಮೇಜೊಂದನ್ನು ಮಾಡಿಕೊಡದಿದ್ದರೆ ಅವ್ವ ಹೀಗೇ ಕರಗಿಹೋಗುತ್ತಾಳೆ ಎಂಬ ಹೆದರಿಕೆ ಶಿವಪುತ್ರನಿಗೆ.

ಮೊದಲು ಕಂಪ್ಯೂಟರಿನಲ್ಲಿ ನಕ್ಷೆ ಬರೆದು ಆಮೇಲೆ ಗರಗಸ ಹಿಡಿ ಎಂದವಳು ಸರಿತಾ. ಸಂತೆಯಲ್ಲಿ ಎತ್ತಿನ ಹಲ್ಲು ನೋಡಿದ ಹಾಗೆ ಅವನು ಒಂದೊಂದೇ ಸಾಫ್ಟ್‌ವೇರ್ ನೋಡಿದ. ದೊಡ್ಡ ಎಂಜಿನಿಯರುಗಳು ಬಳಸುವಂಥದಕ್ಕೆ ವರ್ಷವರ್ಷವೂ ಬಾಡಿಗೆ ಕೊಡಬೇಕು, ಒಂದು ಮೇಜಿಗೆ ಅಷ್ಟೇಕೆ ಎಂದು ಬಿಟ್ಟ. ಇನ್ನೊಂದು ಪುಕ್ಕಟೆ, ಆದರೆ ನೆಟ್ ಇದ್ದರಷ್ಟೇ ತೆರೆಯುತ್ತಿತ್ತು. ಅವನ ಹಿತ್ತಲಿಗೆ ನೆಟ್ ತನಗೆ ಮನಸ್ಸು ಬಂದಾಗ ಬರುತ್ತದೆ. ಮತ್ತೊಂದು ಸಾಫ್ಟ್‌ವೇರ್ ಒಂದು ತಿಂಗಳು ಪುಕ್ಕಟೆ ರುಚಿ ಹತ್ತಿಸಿ ಬೀಗ ಹಾಕಿಕೊಂಡಿತು. ಕೊನೆಗೆ ಪುಕ್ಕಟೆ ಇಳಿಸಿಕೊಂಡು ಹಳೆಯ ಲ್ಯಾಪ್‌ಟಾಪಿನಲ್ಲಿ ನೆಟ್ ಇಲ್ಲದೆಯೂ ಓಡಿಸಬಹುದಾದದ್ದು ಸಿಕ್ಕಿತು. ಅಂಕಿ ಒತ್ತಿದರೆ ಗೆರೆ ಅಷ್ಟೇ ಉದ್ದ ಬರುತ್ತಿತ್ತು. ಎತ್ತರ ತಿಳಿಯಲೆಂದು ಪರದೆಯ ಮೇಲೆ ಪ್ಯಾಂಟು ತೊಟ್ಟ ಗಂಡಸೊಬ್ಬ ನಿಂತಿರುತ್ತಿದ್ದ.

ಎಲ್ಲ ಸರಿ, ಅವ್ವನ ಅಳತೆ? ಅದನ್ನು ಕೇಳುವ ಧೈರ್ಯ ಅವನಿಗಿರಲಿಲ್ಲ. ಅವರ ಮಂದಿಯಲ್ಲಿ ತೀರಿಹೋದವರ ಪಾದದ ಅಳತೆ ಹಿಡಿದು ಹೂಳುವ ಕುಣಿ ತೋಡುತ್ತಾರೆ. ಅಪ್ಪ ಹೋದಾಗ ಆ ಅಳತೆ ಹಿಡಿದವನು ಶಿವಪುತ್ರನೇ. ಅಂದಿನಿಂದ ಮಗನ ಕೈಯಲ್ಲಿ ಟೇಪು ಕಂಡರೆ ಶಂಕ್ರವ್ವ ಮುಖ ತಿರುಗಿಸುತ್ತಿದ್ದಳು. ಹಾಗಾಗಿ ಅವನು ಪ್ಯಾಂಟಿನವನ ಸೊಂಟವನ್ನೇ ನಂಬಿ, ಅಂದಾಜಿಗೆ ಒಂದಿಷ್ಟು ಇಳಿಸಿ ಮೇಜು ಬರೆದ. ಲ್ಯಾಪ್‌ಟಾಪನ್ನು ಅವ್ವನ ಮುಂದಿಟ್ಟ.

ಶಂಕ್ರವ್ವ ಕಣ್ಣು ಕಿರಿದು ಮಾಡಿ ನೋಡಿದಳು. “ಇಂವ ಯಾರಪಾ? ಇಂವ ಬಡೀತಾನೇನು ರೊಟ್ಟಿ?”

ಸರಿತಾಳಿಗೆ ನಗು ತಡೆಯಲಾಗಲಿಲ್ಲ. ಶಿವಪುತ್ರ ನಗಲಿಲ್ಲ. ನಿನ್ನ ಅಳತೆ ಗೊತ್ತಿಲ್ಲದೆ ಇವನನ್ನು ನಿಲ್ಲಿಸಿದ್ದೇನೆ, ನಿನ್ನ ಮುಂದೆ ಟೇಪು ಹಿಡಿಯಲು ಕೈ ಬರುವುದಿಲ್ಲ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟ.

ಅವ್ವ ಗೋಡೆ ಹಿಡಿದು ಎದ್ದು ನಿಂತು, ರೊಟ್ಟಿ ಬಡಿಯುವಾಗಿನಂತೆ ಮೊಣಕೈ ಮಡಚಿದಳು.

“ಹಿಡಿ ತಮ್ಮಾ. ಕುಣಿ ಅಳತಿ ಆಮ್ಯಾಲ ಹಿಡೀವಂತಿ. ಈಗ ರೊಟ್ಟಿದು ಹಿಡಿ.”

ನೆಲದಿಂದ ಮೊಣಕೈವರೆಗೆ ಟೇಪು ಎಳೆದು ಅವನು ಅಂಕಿಯನ್ನು ಎರಡೆರಡು ಸಲ ಓದಿದ. ಅವ್ವ ಅವನ ಅಂದಾಜಿಗಿಂತ ಎಷ್ಟೋ ಕುಗ್ಗಿದ್ದಳು. ದಿನಾ ಎದುರಿಗಿದ್ದೂ ತನಗದು ಕಂಡಿರಲಿಲ್ಲವಲ್ಲ ಎಂದು ಅವನಿಗೆ ತನ್ನ ಮೇಲೇ ಸಿಟ್ಟು ಬಂತು. ಪ್ಯಾಂಟಿನವನನ್ನು ಅಳಿಸಿ ಹೊಸ ಅಂಕಿ ಒತ್ತಿದ. ಬಡಿತಕ್ಕೆ ಅಲುಗಬಾರದೆಂದು ಕಾಲುಗಳನ್ನು ದಪ್ಪ ಮಾಡಿದ, ಪಕ್ಕದಲ್ಲೇ ಒಲೆಗೂ ಜಾಗ ಬಿಟ್ಟ. ಬೇವಿನ ಹಲಗೆ ತಂದು ನಕ್ಷೆಯ ಪ್ರಕಾರ ಕೊಯ್ದ.

ಮೇಜು ಮುಗಿದ ದಿನ ಶಂಕ್ರವ್ವ ಸೆರಗು ಸಿಕ್ಕಿಸಿ ಅದರ ಮುಂದೆ ನಿಂತಳು. ಮೊದಲಿಗೆ ಕೈ ತಡವರಿಸಿತು, ಆಮೇಲೆ ಟಪಟಪ ಸದ್ದು ಓಣಿಗೂ ಕೇಳಿಸಿತು. ತಾಟು ಹಾಕಲು ಎದ್ದ ಸೊಸೆಯನ್ನು ಅವಳು ಹಿಟ್ಟಿನ ಕೈಯಿಂದಲೇ ತಡೆದಳು.

“ನೀ ಕುಂದ್ರವ್ವಾ. ಇವತ್ತ ನಾ ನೀಡ್ತೀನಿ, ನೀ ಉಣ್ಣು.”